ಎಂಜಲಿನ ಗಂಟು

ಬೆಳಗಾಗುತ್ತಲೇ ಗವಿಪುರದ ನಮ್ಮ ಬೀದಿಯಲ್ಲಿ ಮೊದಲು ತೆರೆಯುವ ಗೇಟು ಶೀನಣ್ಣನವರದು. ಸ್ನಾನ ಮುಗಿಸಿ, ಪಂಚೆಯುಟ್ಟು, ಹೆಗಲಿಗೊಂದು ವಸ್ತ್ರ ಹಾಕಿಕೊಂಡು ಅವರು ಹೊರಗೆ ಬರುವ ಹೊತ್ತಿಗೆ ಹಿಂದಿನ ಗಲ್ಲಿಯಿಂದ ಸುಬ್ಬಲಕ್ಷ್ಮಮ್ಮನ ಹಸು ತುಂಗೆ ತಾನಾಗಿಯೇ ನಡೆದು ಬಂದು ನಿಂತಿರುತ್ತಿತ್ತು. ಶೀನಣ್ಣ ಅದರ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಅಕ್ಕಿ ಬೆಲ್ಲ ಕೈಯಾರೆ ತಿನ್ನಿಸಿದ ಮೇಲೆಯೇ ತಾವು ಕಾಫಿ ಕುಡಿಯುತ್ತಿದ್ದರು. ಗೋವಿನ ಮೇಲೆ ಇಷ್ಟು ಭಕ್ತಿಯಿರುವ ಮನುಷ್ಯನನ್ನು ನಾನು ಬಸವನಗುಡಿಯಲ್ಲೆಲ್ಲೂ ಕಂಡಿರಲಿಲ್ಲ.

ಎದುರು ಮನೆ ನನ್ನದು. ನನ್ನ ಹೆಸರು ಗೋದಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಾನು ಕಿಟಕಿಯಲ್ಲಿ ನಿಂತು ಬೀದಿ ನೋಡುವುದನ್ನು ಮಗಳು ಚಟ ಎನ್ನುತ್ತಾಳೆ, ನಾನು ಕುತೂಹಲ ಎನ್ನುತ್ತೇನೆ. ಯಾವುದಾದರೂ ಆಗಲಿ, ಈ ಕಥೆ ನಿಮಗೆ ಸಿಗುತ್ತಿರುವುದು ಅದರಿಂದಲೇ.

ನಮ್ಮ ಮನೆಯ ಕಾರು ಶೆಡ್ಡಿನಲ್ಲಿ ಕಾರಿಲ್ಲ, ತಟ್ಟೆಗಳಿವೆ. ಬೀದಿಯ ಕೆಲವರು ಸೇರಿ ಒಂದು ಬಳಗ ಕಟ್ಟಿಕೊಂಡು ಸ್ಟೀಲ್ ತಟ್ಟೆ, ಲೋಟ, ಬಟ್ಟಲುಗಳನ್ನು ಕೂಡಿಸಿ ಇಟ್ಟಿದ್ದೇವೆ. ಯಾರ ಮನೆಯಲ್ಲಿ ನಾಮಕರಣವಿರಲಿ, ತಿಥಿಯಿರಲಿ, ಬಂದು ಒಯ್ಯಬಹುದು. ಬಾಡಿಗೆ ಇಲ್ಲ, ತೊಳೆದು ತಂದಿಟ್ಟರೆ ಆಯಿತು. ಮಕ್ಕಳು ಇದಕ್ಕೆ ತಟ್ಟೆ ಬ್ಯಾಂಕ್ ಎಂದು ಹೆಸರಿಟ್ಟಿದ್ದಾರೆ. ತಟ್ಟೆಗಳ ಪಕ್ಕದಲ್ಲಿ ದೊಡ್ಡ ಡ್ರಮ್ಮುಗಳಿವೆ, ಬಳಗದ ಮನೆಗಳ ಸಿಪ್ಪೆ, ಮಿಕ್ಕ ಅನ್ನ, ಸಾರು ಎಲ್ಲ ಅಲ್ಲಿ ಗೊಬ್ಬರವಾಗುತ್ತದೆ. ಹಿಂದಿನ ಗಲ್ಲಿಯ ಸುಬ್ಬಲಕ್ಷ್ಮಮ್ಮನೂ ಬಳಗದವಳೇ. ಅವಳ ಮಗ ಮುನಿರಾಜು ತರಕಾರಿ ವ್ಯಾಪಾರದವನು. ನಮ್ಮ ಶೆಡ್ಡಿನ ತಟ್ಟೆಗಳು ಮೊಟ್ಟಮೊದಲು ಹೊರಟಿದ್ದು ಅವನ ಮಗಳ ಹುಟ್ಟುಹಬ್ಬಕ್ಕೇ.

ಬಳಗದ ಹತ್ತಿರ ಸುಳಿಯದವರು ಶೀನಣ್ಣ. ಅವರ ಮನೆಯಲ್ಲೊಂದು ಪದ್ಧತಿಯಿತ್ತು. ಅವರ ಮನೆಯಲ್ಲಿ ಮಾತ್ರವೇನು, ನಮ್ಮ ಬೀದಿಯ ಬಹಳ ಮನೆಗಳಲ್ಲಿ ಇವತ್ತಿಗೂ ಇದೆ. ಮಿಕ್ಕ ಅನ್ನವನ್ನು ಕಸದ ಗಾಡಿಗೆ ಹಾಕುವಂತಿಲ್ಲ, ಅನ್ನಕ್ಕೆ ಅಪಚಾರವಾಗುತ್ತದೆ. ಎಂಜಲನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಮೈಲಿಗೆಯಾಗುತ್ತದೆ. ಹೀಗಾಗಿ ಊಟದ ಎಲೆ, ಅನ್ನ, ಪಲ್ಯ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು, ಚೆಲ್ಲದ ಹಾಗೆ ಬಾಯಿ ಬಿಗಿದು ಗಂಟು ಹಾಕಿ, ಬೀದಿ ತುದಿಯ ಹೊಂಗೆ ಮರದ ಬುಡದಲ್ಲಿ ಇಟ್ಟು ಬರುವುದು. ಹಸು ತಿನ್ನುತ್ತದೆ, ನಮಗೆ ಪುಣ್ಯ ಬರುತ್ತದೆ. ಅನ್ನವೂ ಕೆಡಲಿಲ್ಲ, ಮಡಿಯೂ ಕೆಡಲಿಲ್ಲ!

ನಾನೊಮ್ಮೆ ಕೇಳಿದ್ದೆ. "ಶೀನಣ್ಣ, ಗಂಟು ಬಿಚ್ಚೋಕೆ ಹಸುಗೆ ಕೈ ಎಲ್ಲಿದೆ?"

"ಅದು ಮೂಕಪ್ರಾಣಿ ಗೋದಾ, ದಡ್ಡಪ್ರಾಣಿ ಅಲ್ಲ. ಬೇಕಾದ್ದು ತಿಂದು ಬೇಡದ್ದು ಬಿಟ್ಬಿಡತ್ತೆ. ನಿಮ್ಮ ಸೈನ್ಸ್ ಹುಟ್ಟೋಕೆ ಮುಂಚಿಂದ ನಮ್ಮೋರು ಗೋಗ್ರಾಸ ಕೊಡ್ತಿದಾರೆ."

"ಆಗ ಕವರ್ ಇತ್ತಾ?"

"ನಿಮ್ಮ ಹತ್ರ ಮಾತಾಡಿ ಗೆಲ್ಲೋಕಾಗಲ್ಲಮ್ಮ" ಎಂದು ನಗುತ್ತಾ ಒಳಗೆ ಹೋದರು. ಅವರು ಕೆಟ್ಟ ಮನುಷ್ಯರಲ್ಲ. ಅದೇ ಈ ಕಥೆಯ ಕಷ್ಟ.

ಆ ವರ್ಷ ತುಂಗೆಯ ಹೊಟ್ಟೆ ದಪ್ಪವಾಗತೊಡಗಿತು. ಅದಕ್ಕೆ ಹೋರಿಯ ಬದಲು ಇಂಜೆಕ್ಷನ್ ಕೊಡಿಸಿದ್ದ ಸುಬ್ಬಲಕ್ಷ್ಮಮ್ಮ ಗಬ್ಬ ನಿಂತಿದೆ ಎಂದು ಹಿಗ್ಗಿದಳು. ಬೀದಿಗೆ ಬೀದಿಯೇ ಹಿಗ್ಗಿತು. ಶೀನಣ್ಣನವರ ಮನೆಯಲ್ಲಿ ಸೊಸೆ ಇಂಚರಾ ಬಸುರಿ, ಗೇಟಿನಲ್ಲಿ ಹಸು ಗಬ್ಬ. ಯಾರಿಗೆ ಮೊದಲು ಹೆರಿಗೆ ಎಂದು ಎಲ್ಲರಿಗೂ ತಮಾಷೆ. "ಗಿಣ್ಣದ ಹಾಲು ಮೊದಲು ನಮ್ಮ ಮನೆಗೇ" ಎಂದು ಶೀನಣ್ಣ ಮುಂಚಿತವಾಗಿ ಹೇಳಿಟ್ಟಿದ್ದರು.

ನನಗೆ ಮಾತ್ರ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ಹೊಟ್ಟೆ ದಿನೇ ದಿನೇ ಬೆಳೆಯುತ್ತಿತ್ತು, ಬೆನ್ನಿನ ಮೂಳೆ ದಿನೇ ದಿನೇ ಎದ್ದು ಕಾಣುತ್ತಿತ್ತು. ಮಧ್ಯಾಹ್ನ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದ ಹಸು ಈಗ ಸುಮ್ಮನೆ ಬಾಯಿ ಮುಚ್ಚಿಕೊಂಡು ಮಲಗಿರುತ್ತಿತ್ತು. ಶೀನಣ್ಣನ ಅಕ್ಕಿ ಬೆಲ್ಲವನ್ನೂ ಮೂಸಿ ಬಿಡತೊಡಗಿತು. ಸುಬ್ಬಲಕ್ಷ್ಮಮ್ಮನನ್ನು ಕೇಳಿದರೆ, "ಬಸ್ರಿ ಅಲ್ವೇನಕ್ಕ, ವಾಕರಿಕೆ ಇರ್ತದೆ" ಎಂದಳು. ಡಾಕ್ಟರಿಗೆ ತೋರಿಸು ಎಂದೆ. ಕರು ಹಾಕುವಾಗ ಕರೆದರಾಯಿತು ಎಂದಳು.

ಅಷ್ಟರಲ್ಲಿ ಇಂಚರಾಳ ಸೀಮಂತ ನಿಶ್ಚಯವಾಯಿತು. ಒಂದು ಸಂಜೆ ಅವಳು ನನ್ನನ್ನು ಕರೆದುಕೊಂಡು ಹೋಗಿ ಮಾವನ ಮುಂದೆ ನಿಲ್ಲಿಸಿದಳು.

"ಮಾವ, ಊಟಕ್ಕೆ ಬಾಳೆ ಎಲೆ ಇದ್ದೇ ಇರತ್ತೆ. ತಿಂಡಿಗೆ, ಪಾಯಸಕ್ಕೆ, ನೀರಿಗೆ ಗೋದಾ ಆಂಟಿ ಹತ್ರ ಇರೋ ಸ್ಟೀಲ್ ತಟ್ಟೆ ಲೋಟ ತರೋಣ. ಬಿಸಾಡೋ ಪ್ಲೇಟು ಬೇಡ."

ಶೀನಣ್ಣ ಕನ್ನಡಕ ತೆಗೆದಿಟ್ಟರು. "ಯಾರ್ಯಾರು ಉಂಡ ತಟ್ಟೆನೋ. ಯಾರ ಮನೆ ಎಂಜಲೋ. ಶುಭಕಾರ್ಯದಲ್ಲಿ ಅದೆಲ್ಲ ಬೇಡಮ್ಮ. ಅಡುಗೆಯವರು ಹೊಸದು ತರ್ತಾರೆ, ತಿಂದು ಎಸೆದ್ರಾಯ್ತು. ಅದೇ ಶುದ್ಧ."

"ಶೀನಣ್ಣ, ನೀವು ಗಾಂಧಿ ಬಜಾರಲ್ಲಿ ಪ್ರತಿ ಭಾನುವಾರ ದೋಸೆ ತಿಂತೀರಲ್ಲ" ಎಂದೆ ನಾನು. "ಆ ತಟ್ಟೇಲಿ ನಿಮಗಿಂತ ಮುಂಚೆ ಯಾರು ತಿಂದಿದ್ರು?"

"ಹೋಟ್ಲು ಬೇರೆ, ಮನೆ ಬೇರೆ."

"ಹೇಗೆ ಬೇರೆ?"

"ಹೋಟ್ಲಲ್ಲಿ ಗೊತ್ತಿರಲ್ಲ. ಇಲ್ಲಿ ಗೊತ್ತು." ಸ್ವಲ್ಪ ತಡೆದು, ದನಿ ತಗ್ಗಿಸಿ, "ಮುನಿರಾಜು ಮನೇಗೂ ಹೋಗತ್ತಲ್ವಾ ಆ ತಟ್ಟೆ?" ಎಂದರು.

ಇಂಚರಾಳ ಮುಖ ಕೆಂಪಗಾಯಿತು. ಅವಳ ಗಂಡ ಶ್ರೀಹರಿ ಮೊಬೈಲಿನಿಂದ ತಲೆಯೆತ್ತಲಿಲ್ಲ. ಅತ್ತೆ ಕಮಲಮ್ಮ, "ಬಿಡಮ್ಮ, ಬಸುರಿ ಹೆಂಗಸು ವಾದ ಮಾಡಬಾರ್ದು" ಎಂದು ಎದ್ದು ಹೋದರು. ನನಗೆ ಸಿಟ್ಟು ನೆತ್ತಿಗೇರಿತು, ಆದರೂ ಪರರ ಮನೆಯ ಸಮಾರಂಭ, ಸುಮ್ಮನೆ ಬಂದೆ.

ಸೀಮಂತಕ್ಕೆ ವಾರವಿರುವಾಗ ತುಂಗೆ ಬಿತ್ತು.

ಗಲ್ಲಿಯಲ್ಲಿ ಕೊಟ್ಟಿಗೆಯ ಮುಂದೆ ಕಾಲು ಚಾಚಿಕೊಂಡು ಮಲಗಿ ನರಳುತ್ತಿತ್ತು. ಹೆರಿಗೆ ನೋವು ಎಂದು ಸುದ್ದಿ ಹಬ್ಬಿ, ಶೀನಣ್ಣ ಹುಟ್ಟುವ ಕರುವಿಗೆ ಆರತಿಯೆತ್ತಲು ಬೆಳ್ಳಿ ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಬಂದರು. ನಾನು ಬಳಗಕ್ಕೆ ಗೊತ್ತಿದ್ದ ಪಶುವೈದ್ಯೆ ಪ್ರಿಯಂವದಾಗೆ ಫೋನ್ ಮಾಡಿದೆ. ಅವಳು ಬಂದು, ಭುಜದ ತನಕ ಕೈಗವಸು ಹಾಕಿ ಪರೀಕ್ಷೆ ಮಾಡಿ, ಹೊಟ್ಟೆಯ ಎಡಭಾಗ ಒತ್ತಿ ನೋಡಿ, ಕೈಗವಸು ಕಳಚಿದಳು.

"ಕರು ಇಲ್ಲಮ್ಮ" ಎಂದಳು. "ಗಬ್ಬ ಆಗಿದ್ರೆ ಬಲಕ್ಕೆ ಕಾಣ್ಸುತ್ತೆ. ಇದು ಎಡಕ್ಕೆ ಊದಿದೆ, ಮೇವಿನ ಹೊಟ್ಟೆ. ಒಳಗೆ ಏನೋ ಗಟ್ಟಿಯಾಗಿ ತುಂಬ್ಕೊಂಡಿದೆ. ಈಗ್ಲೇ ಕೊಯ್ದು ತೆಗೀಬೇಕು. ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ."

ಸುಬ್ಬಲಕ್ಷ್ಮಮ್ಮ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೂಂ ಎಂದಳು.

ಒಳಗೇನಿದೆ ಎಂದು ತಿಳಿಯುವ ಆಸೆ ನನಗೆ ಅಂಥ ಹೊತ್ತಿನಲ್ಲೂ ಬಿಡಲಿಲ್ಲ, ಹತ್ತಿರವೇ ನಿಂತಿದ್ದೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಪಕ್ಕೆ ಕೊಯ್ದು, ಪ್ರಿಯಂವದಾ ಒಳಗೆ ಕೈ ಹಾಕಿ ಎಳೆದಳು. ಬಂದದ್ದು ಕವರು. ಕವರಿಗೆ ಕವರು ಸುತ್ತಿಕೊಂಡು, ಒಗೆಯಲು ನೆನೆಸಿದ ಬಟ್ಟೆಯ ಮುದ್ದೆಯ ಹಾಗೆ. ಎಳೆದಷ್ಟೂ ಬರುತ್ತಲೇ ಇತ್ತು. ಪಾಯಸದ ಕಪ್ಪು, ಚಮಚ, ತೆಳ್ಳನೆಯ ಲೋಟ. ಬಿಚ್ಚದೆ ಹಾಗೇ ಉಳಿದ ಗಂಟುಗಳು. ಆಮೇಲೆ ಪ್ಲಾಸ್ಟಿಕ್ಕಿನ ತಾಂಬೂಲದ ಚೀಲಗಳು ಬಂದವು. ನಮ್ಮ ಕಡೆ ಮದುವೆ ಮುಂಜಿಗೆ ಹೆಸರು ಅಚ್ಚು ಹಾಕಿಸಿ ಕೊಡುತ್ತಾರಲ್ಲ, ಅವು. ಬಣ್ಣ ಹೋಗಿತ್ತು, ಅಕ್ಷರ ಹೋಗಿರಲಿಲ್ಲ. ಯಾರದೋ ಗೃಹಪ್ರವೇಶ, ಯಾರದೋ ಷಷ್ಟ್ಯಬ್ದಿ, ಎಲ್ಲ ನಮ್ಮ ಬೀದಿಯವರೇ, ಎಲ್ಲರ ಮನೆಯಲ್ಲೂ ನಾನು ಊಟ ಮಾಡಿ ಬಂದವಳೇ. ಒಂದು ಚೀಲದ ಮೇಲೆ "ಚಿ॥ ಶ್ರೀಹರಿ, ಚಿ॥ಸೌ॥ ಇಂಚರಾ" ಎಂದಿತ್ತು. ಶೀನಣ್ಣ ಅದನ್ನು ಓದಿದರು. ಕೈಯಲ್ಲಿದ್ದ ತಟ್ಟೆ ಓರೆಯಾಗಿ ಕುಂಕುಮ ಅವರ ಪಂಚೆಯ ಮೇಲೆಲ್ಲ ಚೆಲ್ಲಿತು.

ಸಂಜೆಯೊಳಗೆ ತುಂಗೆ ಸತ್ತುಹೋಯಿತು.

ಸುಬ್ಬಲಕ್ಷ್ಮಮ್ಮ ಅಳಲಿಲ್ಲ. ಎದ್ದು ಸೆರಗು ಕೊಡವಿ ನೇರವಾಗಿ ಶೀನಣ್ಣನ ಮುಂದೆ ಬಂದಳು. "ಐನೋರೆ, ದಿನಾ ಅರಿಶಿನ ಬಳ್ದು ಅದರ ಕಾಲಿಗೆ ಬೀಳ್ತಿದ್ರಲ್ಲ. ಒಂದು ಗಂಟು ಬಿಚ್ಚಾಕಕ್ಕೆ ಏನಾಗಿತ್ತು ನಿಮ್ ಕೈಗೆ?"

ಶೀನಣ್ಣ ಖಾಲಿ ತಟ್ಟೆ ಹಿಡಿದುಕೊಂಡು ಮನೆಯ ಕಡೆ ತಿರುಗಿದರು. ಓದುವವರೇ, ನಿಮ್ಮ ಬೀದಿಯಲ್ಲೂ ಒಂದು ಮರದ ಬುಡವಿರುತ್ತದೆ. ನಿಮ್ಮಲ್ಲಿ ಉತ್ತರವಿದ್ದರೆ ನನಗೂ ಹೇಳಿ.

ಇಷ್ಟಾದ ಮೇಲೆ ಆ ಮನೆ ಬದಲಾಯಿತು ಎಂದುಕೊಂಡರೆ ತಪ್ಪು. ಶೀನಣ್ಣ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಪುರೋಹಿತರನ್ನು ಕರೆಸಿದರು. ಗೋಹತ್ಯೆಯ ದೋಷಕ್ಕೆ ಪ್ರಾಯಶ್ಚಿತ್ತ ಹೋಮ, ಸೀಮಂತದ ದಿನವೇ, ಬಂದವರಿಗೆಲ್ಲ ಸಂತರ್ಪಣೆ ಎಂದು ತೀರ್ಮಾನವಾಯಿತು. ಜನ ಹೆಚ್ಚಾದ್ದರಿಂದ ಅಡುಗೆಯವರಿಗೆ ಪ್ಲಾಸ್ಟಿಕ್ ಲೋಟ, ಕಪ್ಪುಗಳನ್ನೂ ಹೆಚ್ಚಾಗಿ ತರಲು ಹೇಳಿದರು! ಹಸುವನ್ನು ಕೊಂದ ಪಾಪ ಕಳೆಯಲು, ಹಸುವನ್ನು ಕೊಂದ ಸಾಮಾನೇ ಮತ್ತೆ ಬರುತ್ತಿತ್ತು. ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸೀಮಂತದ ಬೆಳಗ್ಗೆ ಅಡುಗೆಯವರ ಟೆಂಪೋ ಬಂದು ಚೀಲಗಳನ್ನು ಇಳಿಸಿತು. ಹಸಿರು ಸೀರೆಯುಟ್ಟು, ಕೈ ತುಂಬ ಬಳೆ ತೊಟ್ಟು ಹಸೆಗೆ ಹೋಗಬೇಕಿದ್ದ ಇಂಚರಾ ಹೊರಗೆ ಬಂದು ಬಾಗಿಲಲ್ಲಿ ನಿಂತಳು.

"ಮಾವ, ಈ ಚೀಲ ಒಳಗೆ ಬಂದ್ರೆ ನಾನು ಹಸೆ ಮೇಲೆ ಕೂರಲ್ಲ."

"ಮುಹೂರ್ತ ಮೀರತ್ತೆ, ಹಟ ಮಾಡ್ಬೇಡ" ಎಂದರು ಶೀನಣ್ಣ.

"ಮೀರ್ಲಿ. ಆ ಹಸು ಹೊಟ್ಟೇಲಿ ನನ್ನ ಹೆಸರಿತ್ತು ಮಾವ. ಕಣ್ಣು ಮುಚ್ಚಿದ್ರೆ ಅದೇ ಕಾಣತ್ತೆ. ನನ್ನ ಮಗು ಹೆಸರಲ್ಲಿ ಮಾಡೋ ಶಾಸ್ತ್ರಕ್ಕೆ ಇನ್ನೊಂದು ಚೀಲ ಆಗೋದು ಬೇಡ."

ನೆಂಟರು ಗುಸುಗುಸು ಎಂದರು. ಯಾರೋ ಅಜ್ಜಿ, "ಬಸುರಿ ಬಾಯಲ್ಲಿ ಇಂಥ ಮಾತಾ" ಎಂದು ಕೆನ್ನೆ ಬಡಿದುಕೊಂಡರು.

"ಗೋದಾ ಶೆಡ್ಡಿನ ತಟ್ಟೇಲಿ ಸುಬ್ಬಲಕ್ಷ್ಮಮ್ಮನ ಮನೆಯವರು ಉಂಡಿದಾರೆ" ಎಂದರು ಶೀನಣ್ಣ. ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

"ಹೌದು. ನಾವು ಇಷ್ಟು ವರ್ಷ ಅವರ ಹಸು ಹಾಲು ಕುಡಿದಿದೀವಿ. ದೇವರಿಗೂ ಅದನ್ನೇ ಅಭಿಷೇಕ ಮಾಡಿದೀವಿ."

ಹಾಗೆಂದವಳೇ ಬೀದಿ ದಾಟಿ ನಮ್ಮ ಶೆಡ್ಡಿಗೆ ಬಂದು ಲೋಟದ ಬುಟ್ಟಿಗೆ ಕೈ ಹಾಕಿದಳು. ಭಾರ ಎತ್ತಬೇಡ ಎಂದು ನಾನು ಕೂಗುವಷ್ಟರಲ್ಲಿ ಶ್ರೀಹರಿ ಓಡಿ ಬಂದ. ಮೊಬೈಲನ್ನು ಜೇಬಿಗೆ ತುರುಕಿ, ಬುಟ್ಟಿಯನ್ನು ತಾನೇ ಹೊತ್ತ. ಅವನ ಹಿಂದೆ ಕಮಲಮ್ಮ ಬಂದು, ಯಾರ ಮುಖವನ್ನೂ ನೋಡದೆ, ಒಂದು ಅಟ್ಟಿ ತಟ್ಟೆ ಎತ್ತಿಕೊಂಡರು. ಟೆಂಪೋದವನು ಚೀಲಗಳನ್ನು ವಾಪಸು ತುಂಬಿಕೊಂಡು ಹೋದ.

ಹೋಮವೂ ಸೀಮಂತವೂ ನಡೆದವು. ಶೀನಣ್ಣ ಮಾತ್ರ ತಿಂಡಿ ಮುಟ್ಟಲಿಲ್ಲ. ಪಾಯಸವನ್ನೂ ಬೇಡ ಎಂದರು. ಸುಬ್ಬಲಕ್ಷ್ಮಮ್ಮನನ್ನು ಕರೆಯಲು ಇಂಚರಾ ತಾನೇ ಹೋಗಿದ್ದಳು. ಅವಳು ಬರಲಿಲ್ಲ, ಒಂದು ಮೊಳ ಮಲ್ಲಿಗೆ ಕಳಿಸಿದಳು. ಸೊಸೆ ಗೆದ್ದಳು ಎಂದು ನಾನು ಹೇಳಲಾರೆ. ಆ ಮನೆಯಲ್ಲಿ ಮಾವ ಸೊಸೆ ಆ ದಿನವಿಡೀ ಮಾತಾಡಲಿಲ್ಲ.

ಮರುದಿನ ಬೆಳಗ್ಗೆ ಎಂದಿನಂತೆ ಗೇಟು ತೆರೆದ ಸದ್ದಾಯಿತು. ಶೀನಣ್ಣ ಬರಿಗೈಯಲ್ಲಿ ಬೀದಿ ತುದಿಗೆ ನಡೆದುಹೋದರು. ಎಲ್ಲಿಗೆ ಹೊರಟರೋ ಎಂದು ತಡೆಯಲಾರದೆ ನಾನೂ ಹಿಂದೆ ಹೋದೆ. ಹೊಂಗೆ ಮರದ ಬುಡದಲ್ಲಿ ಬೇರೆ ಮನೆಗಳ ಕವರುಗಳು ಆಗಲೇ ಬಂದು ಕೂತಿದ್ದವು. ಅವರು ಪಂಚೆಯನ್ನು ಮೇಲೆತ್ತಿ ಕಟ್ಟಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಒಂದೊಂದೇ ಗಂಟು ಬಿಚ್ಚುತ್ತಿದ್ದರು. ಬೆರಳೆಲ್ಲ ಯಾರದೋ ಸಾರು, ಯಾರದೋ ಮೊಸರನ್ನ.

"ಶೀನಣ್ಣ, ನಿಮ್ಮ ಮಡಿ?" ಎಂದೆ.

"ಇನ್ನೊಂದ್ಸಲ ಸ್ನಾನ ಮಾಡಿದ್ರಾಯ್ತು ಬಿಡಿ" ಎಂದರು, ತಲೆಯೆತ್ತದೆ.

ಎಲ್ಲಿಂದಲೋ ಬಂದ ಬೇರೆ ಯಾರದೋ ಹಸು ಅವರ ಭುಜದ ಮೇಲಿಂದ ಕವರಿಗೆ ಬಾಯಿ ಹಾಕಲು ನೋಡುತ್ತಿತ್ತು. ಶೀನಣ್ಣ ಎಂಜಲಾದ ಕೈಯಿಂದಲೇ ಅದರ ಮೂತಿಯನ್ನು ದೂಡುತ್ತಾ, ಬಿಗಿದ ಗಂಟಿಗೆ ಉಗುರು ಹಾಕಿ ಎಳೆಯುತ್ತಾ ಹೇಳುತ್ತಿದ್ದರು, "ತಡಿಯೇ ತಾಯಿ, ತಡಿ. ಬಿಚ್ತಿದೀನಲ್ಲ."