ಬುಡು ಅಂದರೆ

ಒಡೆಯರಪಾಳ್ಯದಾಚೆಯ ಆ ಕೊರಕಲಿಗೆ ಕ್ರೇನು ಇಳಿಯುವಂತಿರಲಿಲ್ಲ. ನಡುವೆ ಕಂಬ ನಿಲ್ಲಿಸಿದರೆ ಮಳೆನೀರು ಅದನ್ನು ಉಳಿಸುತ್ತಿರಲಿಲ್ಲ. ಹಾಗಾಗಿ ಉಕ್ಕಿನ ಸೇತುವೆಯನ್ನು ಈ ದಡದಲ್ಲೇ ಪೂರ್ತಿ ಜೋಡಿಸಿ, ಉರುಳೆಗಳ ಮೇಲಿಟ್ಟು, ಆಚೆ ದಡದಲ್ಲಿ ಹಗ್ಗ ಸುತ್ತುವ ವಿಂಚು ಯಂತ್ರದಿಂದ ಎಳೆಯುತ್ತಿದ್ದೆವು. ಆಚೆ ದಡ ತುಸು ತಗ್ಗು. ಸೇತುವೆ ತಾನಾಗಿಯೇ ಜಾರಿಬಿಡದಂತೆ ಹಿಂದಿನಿಂದ ಹಗ್ಗ ಹಿಡಿದು, ಬೇಕಾದಷ್ಟೇ ಸಡಿಲಿಸುವ ವಿಂಚು ನನ್ನದು. ನನಗೆ ಕೊರಕಲಿನ ಭಯವಿರಲಿಲ್ಲ, ಆ ಇಳಿಜಾರಿನದೇ ಭಯ.

ಆಚೆ ದಡದಲ್ಲಿ, ಬರುವ ಸೇತುವೆಯ ಮೂತಿಯಡಿಗೆ ಕಬ್ಬಿಣದ ತಟ್ಟೆ ತೂರಿಸಲು ನಿಂತವನು ನನ್ನ ತಂಗಿ ಚಿಕ್ಕನಿಂಗಮ್ಮನ ಗಂಡ ಬಿಳಿಗಿರಿ. ಕುಂತೂರಿನಲ್ಲಿ ಕಬ್ಬಿನ ಟ್ರಾಕ್ಟರ್ ಓಡಿಸಿಕೊಂಡಿರೋ ಮಹಾರಾಯ ಎಂದರೆ ಕೇಳದೆ ಬಂದು ಸೇರಿದ್ದ. ತಂಗಿಯೂ ನಮ್ಮ ಶೆಡ್ಡಿನಲ್ಲೇ ಅಡುಗೆಗಿದ್ದಳು.

ನಿಲ್ಲಿಸಬೇಕಾದರೆ 'ಸ್ಟಾಪ್', ಹಗ್ಗ ಸಡಿಲಿಸಬೇಕಾದರೆ 'ಬಿಡು', ಬೇರೆ ಮಾತೇ ಬೇಡ ಎಂದು ಎಂಜಿನಿಯರ್ ಗುರುಪ್ರಕಾಶ್ ಬೆಳಿಗ್ಗೆಯೇ ಹೇಳಿದ್ದರು. ಬಿಳಿಗಿರಿ ಮದುವೆಗಂಡಿನ ಹಾಗೆ ಎಲ್ಲದಕ್ಕೂ ತಲೆಯಾಡಿಸಿದ್ದ.

ಅಷ್ಟರಲ್ಲಿ ಮಂಜು ಇಳಿದು ಆಚೆ ದಡ ಮರೆಯಾಯಿತು. ಬಾವುಟವೂ ಕಾಣಲಿಲ್ಲ, ವಾಕಿಟಾಕಿಯ ಕರಕರ ಮಾತ್ರ ಕೇಳುತ್ತಿತ್ತು. ಮೂತಿ ಆಚೆಯ ಉರುಳೆಗೆ ಗೇಣು ದೂರವಿರುವಾಗ ಬಿಳಿಗಿರಿಯ ದನಿ ಬಂತು.

"ಬುಡು. ಬುಡು ಭಾವ."

ಅದು ಅವನ ಮಾಮೂಲಿ ದನಿಯಲ್ಲ. ಆಚೆಯ ವಿಂಚು ಎಳೆಯುತ್ತಲೇ ಇತ್ತು. ನಾನು ಸಡಿಲಿಸದಿದ್ದರೆ ಹಗ್ಗ ತುಂಡಾಗಿ ಬೀಸುತ್ತದೆ, ಬೀಸಿದ ದಿಕ್ಕಿನಲ್ಲಿ ಮನುಷ್ಯ ಉಳಿಯುವುದಿಲ್ಲ. ಆಗಲೇ ಅದು ಕಿರುಗುಟ್ಟತೊಡಗಿತ್ತು.

"ಬಿಡು ಅಂತಿದಾನಲ್ರೀ, ಬಿಡ್ರಿ," ಎಂದರು ಗುರುಪ್ರಕಾಶ್. ಅವರ ಮುಖ ಬಿಳಿಚಿಕೊಂಡಿತ್ತು.

ಬಿಡಬೇಕೆಂದೇ ನಾನೂ ತಿಳಿದಿದ್ದೆ. ಆದರೆ ಕೈ ಬ್ರೇಕಿನ ಮೇಲೆ ಮರಗಟ್ಟಿಹೋಗಿತ್ತು. ಬೆವರು ಕಣ್ಣಿಗಿಳಿದರೂ ಒರೆಸಲಾಗಲಿಲ್ಲ. ಕೊನೆಗೆ ಆಚೆಯ ವಿಂಚಿನವರೇ ಬಿಳಿಗಿರಿಯನ್ನು ಕಂಡು ಯಂತ್ರ ನಿಲ್ಲಿಸಿದರು.

ಮೂತಿಯಡಿ ತಟ್ಟೆಯ ಜೊತೆ ಅವನ ಕೈಗವಸೂ ಸಿಕ್ಕಿಕೊಂಡಿತ್ತು, ಕೈ ಅದರೊಳಗೇ ಇತ್ತು. ಗಾಬರಿಗೆ 'ಸ್ಟಾಪ್' ಮರೆತುಹೋಗಿ, ಸಾಕು ಎನ್ನುವ ಅರ್ಥದ ಮನೆಮಾತು ಬಾಯಿಗೆ ಬಂದಿತ್ತು. ನಾನು ಬಿಟ್ಟಿದ್ದರೆ ಮುಂಗೈ ಜಜ್ಜಿಹೋಗುತ್ತಿತ್ತು.

ಶೆಡ್ಡಿನಲ್ಲಿ ಊಟಕ್ಕೆ ಕೂತಾಗ ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಮಾತು ನಮ್ಮ ಭಾವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತದೆ ಎಂದು ಬಿಳಿಗಿರಿ ಬೀಗಿದ. ಭಯಕ್ಕೆ ಕೈ ಏಳಲಿಲ್ಲವೆಂಬುದನ್ನು ನುಂಗಿಕೊಂಡು ನಾನು ಮುದ್ದೆ ಮುರಿದೆ.

ಚಿಕ್ಕನಿಂಗಮ್ಮ ಗಂಡನ ತಟ್ಟೆಗೆ ಹುರುಳಿಸಾರು ಬಿಡುತ್ತಿದ್ದಳು. ಅವನು ಮಾತಿನ ಭರದಲ್ಲಿ ತಲೆಯೆತ್ತದೆ "ಬುಡು" ಎಂದ. ಅವಳು ಇನ್ನೊಂದು ಸೌಟು ಸುರಿದಳು. ಬಿಸಿ ಸಾರು ಅವನ ಬೆರಳ ಮೇಲೆ ಬಿತ್ತು.

"ಸಾಕು ಅಂದದ್ದು ಕಣಮ್ಮಿ."

"ಬುಡು ಅಂದ್ರಲ್ಲ."

ಎಲ್ಲರೂ ನಕ್ಕರು. ಮದುವೆಯಾದಾಗಿನಿಂದ ದಿನವೂ ಅವನಿಗೆ ಬಡಿಸುತ್ತ ಬಂದವಳು ಅವಳು. ಅವಳಿಗೇ ತಿಳಿಯದ 'ಬುಡು' ನನಗೂ ತಿಳಿದಿರಲಿಲ್ಲವೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ; ನಾನು ತಟ್ಟೆ ಬದಿಗೆ ಸರಿಸಿದೆ.