ಎರಡು ತಟ್ಟೆಯ ಸಾಲು

ಕತ್ರಿಗುಪ್ಪೆಯ ಶಾಂತಲಾ ಕಥೆ ಬರೆಯಲು ಕಲಿತದ್ದು ಜಯನಗರದ ಅನಂತರಾಮು ಮೇಷ್ಟ್ರ ಮನೆಯ ಮಹಡಿಯಲ್ಲಿ. ನಿವೃತ್ತ ಪ್ರೊಫೆಸರರು. ಪ್ರತಿ ಭಾನುವಾರ ಹತ್ತಾರು ಜನರನ್ನು ಚಾಪೆಯ ಮೇಲೆ ಕೂರಿಸಿ, ತಾವು ಬೆತ್ತದ ಕುರ್ಚಿಯಲ್ಲಿ ಕೂತು, ಒಂದೇ ಮಂತ್ರ ಹೇಳುತ್ತಿದ್ದರು: "ಹಳೇ ಕಾದಂಬರಿಗಳನ್ನ ಬರೀ ಓದ್ಬೇಡಿ, ದಿನಕ್ಕೊಂದು ಪುಟ ನೋಡ್ಕೊಂಡು ಬರೀರಿ. ಕೈ ಪಳಗುತ್ತೆ."

ಉಳಿದವರು ತಿಂಗಳೊಪ್ಪತ್ತಿನಲ್ಲಿ ಕೈಬಿಟ್ಟರು. ಶಾಂತಲಾ ಬಿಡಲಿಲ್ಲ. ಬೆಳಿಗ್ಗೆ ಕುಕ್ಕರ್ ಕೂಗುವ ಮೊದಲು ಒಂದು ಪುಟ ನಕಲು ಮಾಡಿ, ಗಂಡ ನರೇಂದ್ರ ಕಾಫಿ ಕುಡಿಯುವಾಗ ಅದನ್ನು ಓದಿ ಹೇಳುತ್ತಿದ್ದಳು. ಅವನು ಮೊಬೈಲಿನಿಂದ ತಲೆ ಎತ್ತದೆ "ಹೂಂ, ಸಖತ್ತಾಗಿದೆ" ಎನ್ನುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ಅವಳಿಗೆ ಬೇಕಾಗಿದ್ದು ಹೆಚ್ಚೇನಲ್ಲ. ಓದಿದವರು ಒಂದು ಗಳಿಗೆ ಸುಮ್ಮನಾಗುವಂಥ ಒಂದೇ ಒಂದು ಸಾಲು, ಅದು ತನ್ನದಾಗಿರಬೇಕು, ಅಷ್ಟೆ. ಮೇಷ್ಟ್ರೋ, ಅವಳ ಕಥೆಗಳನ್ನೆಲ್ಲ "ಪರವಾಗಿಲ್ಲ" ಎಂದು ವಾಪಸು ಕೊಡುತ್ತಿದ್ದರು. ಆ ಮಾತು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಅಂತೂ ಇಂತೂ ಪುಸ್ತಕ ಬಂತು. ಬನಶಂಕರಿಯ ಪುಟ್ಟ ಸಭಾಂಗಣದಲ್ಲಿ ಬಿಡುಗಡೆ. ಉಪ್ಪಿಟ್ಟು ಕೇಸರಿಬಾತು ಆದ ಮೇಲೆ ಮೇಷ್ಟ್ರು ಮೈಕಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಬೇರೆಲ್ಲ ಇರ್ಲಿ, ಈ ಒಂದು ಸಾಲು ಕೇಳಿ. ಗಂಡನ್ನ ಕಳ್ಕೊಂಡ ಹೆಂಗಸು ಅಡುಗೆಮನೇಲಿದಾಳೆ. 'ಮರೆತು ಎರಡು ತಟ್ಟೆ ಇಟ್ಟಳು. ನೆನಪಾದ ಮೇಲೂ ಎರಡಕ್ಕೂ ಬಡಿಸಿದಳು.' ಇದನ್ನ ಯಾವ ಮೇಷ್ಟ್ರೂ ಹೇಳ್ಕೊಡಕ್ಕಾಗಲ್ಲ. ಇದು ಶಾಂತಲಾ ಅವರ ಸ್ವಂತದ್ದು!"

ಸಭೆ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಚಪ್ಪಾಳೆ ತಟ್ಟಿತು. ಶಾಂತಲಾಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದ ನರೇಂದ್ರನನ್ನು ನೋಡಿದಳು. ಅವನು ಚಪ್ಪಾಳೆ ತಟ್ಟುತ್ತಿರಲಿಲ್ಲ.

ಅವನ ಮುಖ ನೋಡಿದ್ದೇ ತಡ, ಎಂದೋ ಒಂದು ಬೆಳಿಗ್ಗೆಯ ಕಾಫಿ ನೆನಪಾಯಿತು. ಇದೇ ಸಾಲನ್ನು ಓದುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನೆನಪಾಯಿತು. ಅದು ನಕಲು ಮಾಡಿದ ಪುಟ. ಯಾವ ಕಾದಂಬರಿಯೆಂಬುದೂ ಹೊಳೆಯಿತು. "ಇದನ್ನ ಓದದೆ ಪೆನ್ನು ಮುಟ್ಬೇಡಿ" ಎಂದು ಇದೇ ಮೇಷ್ಟ್ರು ಎಲ್ಲರ ಕೈಗೆ ಹಿಡಿಸಿದ್ದ ಕಾದಂಬರಿ. ಆ ಮಹಾನುಭಾವರಿಗೇ ಗುರುತು ಸಿಕ್ಕಿರಲಿಲ್ಲ! ನಾಚಿಕೆಗಿಂತ ಮೊದಲು ಅವಳಿಗೆ ಸಿಟ್ಟು ಬಂತು. ತನ್ನ ಸರದಿ ಬಂದಾಗ ಎಲ್ಲವನ್ನೂ ಹೇಳಿಬಿಡಬೇಕೆಂದೇ ಎದ್ದಳು. ಮೈಕು ಹಿಡಿದಾಗ ಬಾಯಿಗೆ ಬಂದದ್ದು, "ಎಲ್ಲಾ ಮೇಷ್ಟ್ರ ಆಶೀರ್ವಾದ." ಮತ್ತೆ ಚಪ್ಪಾಳೆ ಬಿತ್ತು.

ಮನೆಗೆ ಬಂದು ಹಾರ, ಶಾಲು ಎರಡನ್ನೂ ಸೋಫಾದ ಮೇಲೆ ಎಸೆದಳು.

"ದಿನಾ ನಾನು ಓದ್ತಿದ್ದಿದ್ದು ನಿಮ್ಗೆ ಕೇಳಿಸ್ತಿತ್ತಾ?"

ನರೇಂದ್ರ ಷೂ ಬಿಚ್ಚುತ್ತಿದ್ದ. "ದಿನಾ ಇಲ್ಲ ಕಣೆ. ಅದೊಂದು ಕೇಳಿಸ್ಕೊಂಡಿದ್ದೆ. ಓದ್ತಾ ಓದ್ತಾ ಅತ್ಬಿಟ್ಟಿದ್ದೆ ನೀನು."

ಅವನು ಬೈಯಲಿ, ಕಳ್ಳಿ ಎನ್ನಲಿ ಎಂದು ಶಾಂತಲಾ ಕಾದಳು. ಬೈದಿದ್ದರೆ ಅತ್ತು, ಮೇಷ್ಟ್ರಿಗೆ ಫೋನ್ ಮಾಡಿ ಒಪ್ಪಿಕೊಂಡುಬಿಡುತ್ತಿದ್ದಳೋ ಏನೋ. ಅವನು ಬೈಯಲಿಲ್ಲ. ಎದ್ದು ಹೋಗಿ ಷೋಕೇಸಿನಿಂದ ಆ ಹಳೆಯ ಕಾದಂಬರಿಯನ್ನು ತೆಗೆದ.

"ಇದನ್ನ ಅಟ್ಟಕ್ಕೆ ಹಾಕ್ತೀನಿ. ಭಾನುವಾರ ಮೇಷ್ಟ್ರು ಊಟಕ್ಕೆ ಬರ್ತಾರಲ್ಲ."

ಶಾಂತಲಾ ಅಡುಗೆಮನೆಯಿಂದ ಸ್ಟೂಲು ತಂದಳು. ಅವನು ಹತ್ತಿದಾಗ ಅದು ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಳು.