ಬತಾ ಇಲ್ಲದ ರೊಟ್ಟಿ

ಅಪ್ಪ ಅಮ್ಮ ಅಕ್ರೋಟು ಆಯಲು ಕಾಡಿಗೆ ಹೋದ ಮರುದಿನ ಬೆಳಿಗ್ಗೆ ಅಜ್ಜಿ ರೊಟ್ಟಿ ಮುಟ್ಟಲಿಲ್ಲ.

ಮೊದಲು ನನಗೆ ಅದು ಗೊತ್ತೇ ಆಗಲಿಲ್ಲ. ಊಟಕ್ಕೆ ನೆಲದ ಮೇಲೆ ಹಾಸುವ ದಸ್ತರ್ಖಾನಿನ ಬಟ್ಟೆ ಹಾಸಿ, ನಾನು ಬೇಯಿಸಿದ ರೊಟ್ಟಿಯನ್ನು ಮುರಿದು ನಡುವೆ ಇಟ್ಟು, ಅಜ್ಜಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಅವಳು ನನ್ನನ್ನೇ ನೋಡಿದಳು. ಅಗಿಯುವುದನ್ನು ನಿಲ್ಲಿಸಿದೆ.

"ಏನಾಯ್ತು ಅಪಾ?" ಅಂದೆ. ಅಜ್ಜಿಯನ್ನು ನಾನು ಕರೆಯುವುದು ಹಾಗೆ.

"ಏನಿಲ್ಲ. ನಿನ್ನದು ಆಗಲಿ."

ಅಷ್ಟು ಹೇಳಿ ಉಪ್ಪು ಹಾಕಿದ ಹಾಲುಚಹಾ ಎರಡು ಬಟ್ಟಲು ಕುಡಿದು ಎದ್ದಳು. ಮಧ್ಯಾಹ್ನವೂ ಹಾಗೇ. ಸಂಜೆ ಹೊತ್ತಿಗೆ ಒಲೆಯ ಹತ್ತಿರ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡಾಗ ನನಗೆ ಹೆದರಿಕೆಯಾಯಿತು. ಗುಳಿಗೆ ತಿನ್ನುವ ಹೆಂಗಸು ಅವಳು. ಹೊಟ್ಟೆಗೆ ಹಾಕದೆ ಗುಳಿಗೆ ತಿನ್ನಬಾರದು ಅಂತ ಡಾಕ್ಟರು ಅಮ್ಮನಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

"ಕೇಳದೆ ತಿಂದರೆ ಕದ್ದ ಹಾಗೆ," ಅಂದಳು ಕೊನೆಗೆ. "ಈ ಮನೆಯಲ್ಲಿ ಹಾಗೆ ತಿಂದು ನನಗೆ ಅಭ್ಯಾಸ ಇಲ್ಲ."

ಆಗ ಅರ್ಥವಾಯಿತು. ಊರಿನ ಬೇರೆ ಮನೆಗಳಲ್ಲಿ ಊಟ ಮುಗಿದ ಮೇಲೆ ಹಿರಿಯರು ಅಂಗೈ ಚಾಚಿ ಬತಾ, ಅಂದರೆ ಹರಕೆಯ ಮಾತು, ಕೊಡುತ್ತಾರೆ; ಉಳಿದವರು ಹಾಗೇ ಆಗಲಿ ಅನ್ನುವಂತೆ 'ಓಮೀನ್' ಅಂದು ಮುಖ ಸವರಿಕೊಂಡು ಏಳುತ್ತಾರೆ. ನಮ್ಮ ಸಾತಾರ್ ಅಜ್ಜ ಮಾತ್ರ ರೊಟ್ಟಿ ಬಾಯಿಗೆ ಹೋಗುವ ಮೊದಲೂ ಕೇಳುತ್ತಿದ್ದ. ಇವತ್ತಿನದನ್ನು ಇವತ್ತು ಕೊಡು ಅಂತ. ಅವನು ಈ ವಸಂತದಲ್ಲಿ ತೀರಿಕೊಂಡ ಮೇಲೆ ಅಪ್ಪ ಅದನ್ನೇ ಗಡಿಬಿಡಿಯಲ್ಲಿ ಗೊಣಗುತ್ತಿದ್ದ. ಈಗ ಅಪ್ಪನೂ ಇಲ್ಲ. ಅಕ್ರೋಟು ಮುಗಿಯುವವರೆಗೆ ಕಾಡಿನ ಗುಡಾರಗಳು ತುಂಬಿ ಊರೇ ಖಾಲಿ.

"ನೀವೇ ಕೇಳಿ ಅಪಾ. ನಿಮಗೆ ಬರುತ್ತಲ್ಲ."

"ನಾನು ಓಮೀನ್ ಅಂದವಳು ಕಣೇ. ಜೀವಮಾನವಿಡೀ ಅದೇ. ಕೇಳೋದು ಅವರ ಕೆಲಸ ಆಗಿತ್ತು. ಈಗ ನಾನು ಅಂಗೈ ಎತ್ತಿದರೆ ಪಕ್ಕದಲ್ಲಿ ಅವರಿಲ್ಲ ಅನ್ನೋದು ಬಿಟ್ಟು ಇನ್ನೇನೂ ಬಾಯಿಗೆ ಬರಲ್ಲ." ರೊಟ್ಟಿಯ ಕಡೆ ಕೈ ತೋರಿಸಿ, "ಬೇಯಿಸಿದವಳು ನೀನು. ನೀನು ಕೇಳು," ಅಂದಳು.

"ಮತ್ತೆ ಚಹಾ ಕುಡಿದಿರಲ್ಲ?"

"ಚಹಾ ನೀರು. ನೀರಿಗೆ ಯಾರು ಕೇಳ್ತಾರೆ."

ನಾನು ನಾಲ್ಕು ಜನರೆದುರು ಹೆಸರು ಹೇಳಲೂ ತಡವರಿಸುವವಳು. ಓಶ್ ಪಟ್ಟಣದಲ್ಲಿ ಸಸ್ಯಶಾಸ್ತ್ರ ಓದುವಾಗ ಮೌಖಿಕ ಪರೀಕ್ಷೆಗಳಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಅಂಕ ಕಳೆದುಕೊಂಡಿದ್ದೇನೆ. ಆದರೆ ಇಲ್ಲಿ ಉತ್ತರವೇ ಗೊತ್ತಿಲ್ಲ. ಅವತ್ತು ದಿನಚರಿ ತೆಗೆದು, ಕೇಳುವ ಮಾತನ್ನು ಮೊದಲು ಬರೆದು ನೋಡೋಣ ಅಂತ ಕೂತೆ. ಹಿಟ್ಟಿನ ಮೂಟೆ ಉಗ್ರಾಣದಲ್ಲಿದೆ. ಅಪ್ಪ ತಂದಿಟ್ಟದ್ದು. ಇರುವುದನ್ನೇ ಕೊಡು ಅಂತ ಕೇಳುವುದು ಹೇಗೆ? ಕೇಳದೇ ಹೋದರೆ ಆ ಮೂಟೆ ಮಾಯವಾಗುತ್ತದೆಯೇ? ಇಲ್ಲ. ಹಾಗಾದರೆ ಅಜ್ಜಿ ಹಸಿದಿರುವುದು ಯಾವುದಕ್ಕೆ? ಅಜ್ಜ ಏನು ಕೇಳುತ್ತಿದ್ದ ಎಂದು ನೆನಪಿಸಿಕೊಂಡರೆ ಅವನ ದನಿ ಬರುತ್ತಿತ್ತು, ಇವತ್ತಿನದು ಕೊಡು ಅನ್ನುವುದೊಂದು ಬಿಟ್ಟು ಉಳಿದ ಮಾತು ಬರುತ್ತಿರಲಿಲ್ಲ. ಬರೆದದ್ದನ್ನೆಲ್ಲ ಹೊಡೆದು ಹಾಕಿದೆ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಬುರುಲ್ ಎಜೆ ಕೆನೆಯ ಬಟ್ಟಲು ಹಿಡಿದು ಬಂದಳು. ಸೊಂಟನೋವಿನಿಂದಾಗಿ ಈ ವರ್ಷ ಕಾಡಿಗೆ ಹೋಗದೆ ಉಳಿದವಳು. ಬಾಯಿಗೆ ಮಾತ್ರ ನೋವಿಲ್ಲ. ಅಜ್ಜಿಯ ಮುಖ ನೋಡಿದವಳೇ ನನ್ನ ಕಡೆ ತಿರುಗಿದಳು.

"ಏನೇ ಕುಂದುಜ್, ಅಜ್ಜಿನ ಒಣಗಿಸೋಕೆ ಇಟ್ಟಿದ್ದೀಯಾ, ಏಪ್ರಿಕಾಟ್ ಥರ?"

ನಾನು ವಿಷಯ ಹೇಳಿದೆ. ಅವಳು ತಕ್ಷಣ ತೋಳು ಮೇಲೇರಿಸಿದಳು. "ಇಷ್ಟೇ ತಾನೇ, ನಾನೇ ಕೊಡ್ತೀನಿ ಬತಾ."

"ನಿನ್ನ ಮನೆ ರೊಟ್ಟಿಗೆ ನೀನು ಕೇಳು ಬುರುಲ್," ಅಂದಳು ಅಜ್ಜಿ. "ಇದಕ್ಕೆ ಇವಳು ಕೇಳಲಿ."

ಇಬ್ಬರೂ ನನ್ನನ್ನು ನೋಡುತ್ತಿದ್ದರು. ಅಂಗೈ ಚಾಚಬೇಕೆಂದು ಕೈ ಎತ್ತಿದೆ. ಆಗ ನನ್ನ ಅಂಗೈಗಳು ಕಣ್ಣಿಗೆ ಬಿದ್ದವು. ಹಿತ್ತಲಿನ ಮರದ ಅಕ್ರೋಟಿನ ಹಸಿರು ಸಿಪ್ಪೆ ಸುಲಿದು ಗೆರೆಗಳೆಲ್ಲ ಕಪ್ಪುಕಟ್ಟಿದ್ದವು. ಎಷ್ಟು ತೊಳೆದರೂ ಹೋಗದ ಕಪ್ಪು. ಅದು ಯಾಕೆ ಅಂಟುತ್ತದೆ ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಇಂಥ ಕೈಯನ್ನು ಯಾರಿಗೆ ತೋರಿಸಲಿ ಅನ್ನಿಸಿತು. ಯೋಚಿಸುವ ಮೊದಲೇ ಕೈ ತಿರುಗಿಬಿಟ್ಟಿತ್ತು. ಅಂಗೈ ನೆಲದ ಕಡೆಗೆ, ಹಿಂಗೈ ಮೇಲೆ. ಹಾಗೇ ಕಣ್ಣು ಮುಚ್ಚಿ ಏನೋ ಗೊಣಗಿ ಓಮೀನ್ ಅಂದೆ.

ಯಾರೂ ಓಮೀನ್ ಅನ್ನಲಿಲ್ಲ.

ಕಣ್ಣು ತೆರೆದಾಗ ಬುರುಲ್ ಎಜೆಯ ಬಾಯಿ ತೆರೆದೇ ಇತ್ತು. "ಯಾರಿಗೇ ಶಾಪ ಹಾಕಿದ್ದು?" ಅಂದಳು ಮೆಲ್ಲಗೆ.

ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡೆ. ಹಿಂಗೈ ಮೇಲೆ ಮಾಡಿ ಕೊಡುವುದು ತಿರುಗುಬತಾ. ಮನೆತನವನ್ನೇ ಕಡಿದುಹಾಕಬೇಕೆಂದು ನೊಂದ ಹಿರಿಯರು ಕೊಡುವಂಥದ್ದು. ಚಿಕ್ಕವಳಿದ್ದಾಗ ಆಟಕ್ಕೆ ಹಾಗೆ ಕೈ ಹಿಡಿದಿದ್ದಕ್ಕೆ ಅಮ್ಮ ಬೆರಳಿಗೆ ಹೊಡೆದಿದ್ದಳು. ಅಜ್ಜಿ ಬಟ್ಟೆಯ ಅಂಚು ಎತ್ತಿ ರೊಟ್ಟಿಯ ಮೇಲೆ ಮುಚ್ಚಿದಳು.

ನಾನು ಎದ್ದು ಹಿತ್ತಲಿಗೆ ಹೋದೆ. ಹಸಿದವಳ ಎದುರಿನ ರೊಟ್ಟಿಯನ್ನು ನಾನೇ ತಿನ್ನಲಾಗದಂತೆ ಮಾಡಿಟ್ಟಿದ್ದೆ. ಇದರಲ್ಲೆಲ್ಲ ನಂಬಿಕೆ ಇದೆಯೋ ಇಲ್ಲವೋ ಎಂದು ತಿಳಿಯದವಳಿಗೆ ಶಾಪದ ಭಯ ಮಾತ್ರ ಎಲ್ಲಿಂದ ಬಂತು? ಕೇಳಿದ್ದು ತಲುಪುವುದಿಲ್ಲ ಅಂದಮೇಲೆ ಬೈದದ್ದು ಹೇಗೆ ತಲುಪುತ್ತದೆ? ಮರದ ಬುಡದಲ್ಲಿ ನಿಂತು ಇದನ್ನೇ ತಿರುವಿ ತಿರುವಿ ಯೋಚಿಸಿದೆ. ತಲೆ ಇನ್ನಷ್ಟು ಗೋಜಲಾಯಿತು.

ಅಜ್ಜಿ ಕೋಲೂರಿಕೊಂಡು ಹಿಂದೆಯೇ ಬಂದಳು. ಬುರುಲ್ ಎಜೆ ಅವಳ ಮೊಣಕೈ ಹಿಡಿದಿದ್ದಳು.

"ಕೈ ತೋರಿಸು," ಅಂದಳು ಅಜ್ಜಿ.

ತೋರಿಸಿದೆ.

"ಇದಕ್ಕಾ?"

ತಲೆಯಾಡಿಸಿದೆ. ಬುರುಲ್ ಎಜೆ ತನ್ನೆರಡು ಕೈಯನ್ನೂ ನನ್ನ ಮೂಗಿನ ಹತ್ತಿರ ತಂದಳು. ನನ್ನದಕ್ಕಿಂತ ಕಪ್ಪಗಿದ್ದವು. "ಓದಿ ಓದಿ ಇವಳಿಗೆ ಏನೂ ಗೊತ್ತಿಲ್ಲದ ಹಾಗಾಗಿದೆ. ಈ ತಿಂಗಳಲ್ಲಿ ಬೆಳ್ಳಗಿನ ಕೈ ಕಂಡರೆ ದೇವರಿಗೇ ಅನುಮಾನ ಬರುತ್ತೆ, ಇದ್ಯಾವ ಸೋಮಾರಿ ಅಂತ."

ಅಜ್ಜಿ ನಗಲಿಲ್ಲ. "ತಿರುಗಿಸಿದವಳೇ ನೆಟ್ಟಗೆ ಮಾಡಬೇಕು. ಬಾ."

"ಅಪಾ, ನನಗೆ ಮಾತು ಗೊತ್ತಿಲ್ಲ."

"ನನ್ನ ಕಾಲು ನಡುಗ್ತಾ ಇದೆ. ಬೇಗ ಬಾ."

ಮತ್ತೆ ಕೂತೆವು. ಅಂಗೈ ಮೇಲೆ ಮಾಡಿದೆ. ಬುರುಲ್ ಎಜೆ ಕೆಮ್ಮಿದಳು. ಆಮೇಲೆ ಬಾಯಿಂದ ಬಂದದ್ದು ಹೀಗಿತ್ತು: "ನೀನು ಕೇಳಿಸಿಕೊಳ್ಳುತ್ತೀಯೋ ಇಲ್ಲವೋ ನನಗೆ ಗೊತ್ತಾಗ್ತಿಲ್ಲ. ಆಗ ಕೈ ತಿರುಗಿದ್ದು ನಾಚಿಕೆಗೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಹಿಟ್ಟು ಇದೆ, ರೊಟ್ಟಿಯೂ ಇದೆ, ಅಂಚು ಸ್ವಲ್ಪ ಸೀದಿದೆ. ಆದರೆ ಅಪಾ ನಿನ್ನೆಯಿಂದ ತಿಂದಿಲ್ಲ. ಅವಳು ತಿನ್ನುವ ಹಾಗೆ ಮಾಡು. ನನ್ನಿಂದ ಆಗ್ತಿಲ್ಲ. ನಾಳೆಯದು ಹೇಗೆ ಕೇಳಬೇಕೋ ತಿಳಿಯದು. ಇವತ್ತಿನದು ಕೊಡು."

"ಓಮೀನ್," ಅಂದಳು ಅಜ್ಜಿ. ಎರಡೂ ಕೈಯಿಂದ ಮುಖ ಸವರಿಕೊಂಡಳು, ಬಹಳ ನಿಧಾನವಾಗಿ. ಆಮೇಲೆ ಬಟ್ಟೆ ಸರಿಸಿ, ಒಂದು ಚೂರನ್ನು ಕೆನೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು.

"ಉಪ್ಪು ಕಡಿಮೆ," ಅಂದಳು ಅಗಿಯುತ್ತಾ. ಇನ್ನೊಂದು ಚೂರು ತೆಗೆದುಕೊಂಡಳು.

ಬುರುಲ್ ಎಜೆ ಹೋಗುವಾಗ ಬಾಗಿಲಲ್ಲಿ ನನ್ನ ತಲೆ ಮೊಟಕಿದಳು. ನಾನು ಅಜ್ಜಿಗೆ ಗುಳಿಗೆ ಕೊಟ್ಟೆ. ಸಮಾಧಾನವಾಗಬೇಕಿತ್ತು. ಆದರೆ ನಾನು ಕೇಳಿದ್ದು ಯಾರನ್ನು? ಎದುರು ಕೂತ ಅಜ್ಜಿಗೇ ದಮ್ಮಯ್ಯ ಅಂದೆನೇ, ಅವಳು ಕನಿಕರಪಟ್ಟು ತಿಂದಳೇ? ಹಾಗಿದ್ದರೆ ಅವಳು ಮುಖ ಸವರಿಕೊಳ್ಳುವಾಗ ನನ್ನ ಹೊಟ್ಟೆಯೊಳಗೂ ಯಾಕೆ ಬೆಚ್ಚಗಾಯಿತು?

ಮಧ್ಯಾಹ್ನ ಸಾರು ಇಳಿಸಿ ಒಳಗೆ ಬಂದರೆ ಅಜ್ಜಿ ಬಟ್ಟೆ ಹಾಸಿ, ರೊಟ್ಟಿ ಮುರಿದು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬೆಳಿಗ್ಗೆ ಕೇಳಿದ್ದೆನಲ್ಲ ಅಪಾ?"

"ಬೆಳಿಗ್ಗೆದು ಬೆಳಿಗ್ಗೆ ತಿಂದಾಯ್ತಲ್ಲ."

ನಾನು ಕೂತೆ. ಬೆಳಗಿನ ಮಾತು ಒಂದೂ ನೆನಪಿಗೆ ಬರಲಿಲ್ಲ. ಬಂದಿದ್ದರೂ ಅದು ಈಗ ಹೊಂದುತ್ತಿರಲಿಲ್ಲ. ಸಾರಿನ ಹಬೆ ಏಳುತ್ತಿತ್ತು, ಅಜ್ಜಿ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಏನು ಹೇಳಬೇಕೆಂದು ತಿಳಿಯದೆಯೇ ನಾನು ಕೈ ಎತ್ತಿದೆ.